ಬಾಜೂಮನಿಯವರು ಎಷ್ಟು ಮಂದಿ?

ಹೋದ ಬುಧವಾರ ಕೊಪ್ಪಳದ ನಮ್ಮ ಆಸ್ಪತ್ರೆಯ ಸಭಾಂಗಣದಲ್ಲಿ ಆಡಳಿತಾಧಿಕಾರಿಗಳಿಗೆ ಬೀಳ್ಕೊಡುಗೆ ಇತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಟ್ರಸ್ಟಿನ ಅಧ್ಯಕ್ಷರು ಮೈಕು ಹಿಡಿದರು. “ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಊರಿನ ನಮ್ಮ ಕೇಂದ್ರಗಳನ್ನ ಒಂದ ಜಾಲದಾಗ ಹೆಣೆದವರು ನಮ್ಮ ಸಾಹೇಬ್ರು. ಎಲ್ಲಿ ಲೈನ್ ಕಡಿದ್ರೂ ನಮ್ಮ ಕೆಲಸ ನಿಲ್ಲೂದಿಲ್ಲ ಅಂದ್ರ ಅದು ಇವರ ದೂರದೃಷ್ಟಿ” ಎಂದರು. ಸಾಹೇಬರು ಎರಡೂ ಕೈ ಮುಗಿದು, ಕಣ್ಣು ಮುಚ್ಚಿ, ಅಷ್ಟನ್ನೂ ಸ್ವೀಕರಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆ ಚಪ್ಪಾಳೆಯ ಸಿಟ್ಟಿಗೆ ಇದನ್ನು ಬರೆಯುತ್ತಿದ್ದೇನೆ. ನಯವಾಗಿ ಬರೆಯಲು ನನಗೆ ಬರುವುದಿಲ್ಲ. ಬಂದಿದ್ದರೂ ಬರೆಯುತ್ತಿರಲಿಲ್ಲ.

ಆ ಕಂಪ್ಯೂಟರ್ ಜಾಲವನ್ನು ಹೆಣೆದವರು ಒಬ್ಬ ಹೆಣ್ಣುಮಗಳು, ಕುಕನೂರಿನವರು. ಹೆಸರು ಹಾಕುವುದು ಅವರಿಗೆ ಇಷ್ಟವಿಲ್ಲ, ಹಾಗಾಗಿ ಹಾಕುವುದಿಲ್ಲ. ನಮಗೆಲ್ಲ ಅವರು ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಹಾಗೆ ಅನ್ನುತ್ತೇವೆ. ಆಸ್ಪತ್ರೆಗೆ ಬರುವ ಮೊದಲು ಅವರು ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷ ಕಲಿಸಿದ್ದರು. ಆ ಕಾಲೇಜು ಮುಚ್ಚಿತು. ಇಲ್ಲಿ ಗುತ್ತಿಗೆಯ ಮೇಲೆ ‘ತಾಂತ್ರಿಕ ಸಹಾಯಕಿ’ ಎಂದು ಸೇರಿಕೊಂಡರು. ಅವರಿಗಿಂತ ಹೆಚ್ಚು ತಿಳಿದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಹಾಗಿದ್ದರೆ ಅವರು ಸಹಾಯ ಮಾಡುತ್ತಿದ್ದುದು ಯಾರಿಗೆ? ಆರು ವರ್ಷವಾದರೂ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೇಜಿನ ಕೆಳಗೆ ನುಗ್ಗಲು ಬೇಕೆಂದು ಸೀರೆಯ ನಿರಿಗೆಯನ್ನು ಗೇಣು ಮೇಲೆ ಎತ್ತಿ ಪಿನ್ನು ಹಾಕುತ್ತಿದ್ದರು. ಕೈಚೀಲದಲ್ಲಿ ರೊಟ್ಟಿ ಡಬ್ಬಿಯ ಪಕ್ಕಕ್ಕೆ ರೂಟರಿಗೆ ಲ್ಯಾಪ್‌ಟಾಪ್ ಜೋಡಿಸುವ ನೀಲಿ ಬಣ್ಣದ ಚಪ್ಪಟೆ ವೈರು ಸುತ್ತಿ ಇಟ್ಟಿರುತ್ತಿದ್ದರು. ಅದಕ್ಕೆ ಯಾವಾಗಲೂ ಶೇಂಗಾ ಹಿಂಡಿಯ ವಾಸನೆ. ಜಾರುವ ಚಶ್ಮಾವನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೇಲೆ ತಳ್ಳಿಕೊಳ್ಳುತ್ತಿದ್ದರು. ಇನ್ನು ಸಿಟ್ಟು. ಅವರ ಸಿಟ್ಟನ್ನು ಹೇಳದೆ ಅವರನ್ನು ಹೇಳಲು ಆಗುವುದಿಲ್ಲ. ಕೆಟ್ಟ ಬ್ಯಾಟರಿಗೆ ಬೈಯುತ್ತಿದ್ದರು, ತಡವಾದ ಬಸ್ಸಿಗೆ ಬೈಯುತ್ತಿದ್ದರು, ನನಗಂತೂ ದಿನಾ. ಆಯಾಗಳಿಗೆ, ವಾಚ್‌ಮನ್ನಿಗೆ ಒಂದು ಮಾತು ಅಂದದ್ದನ್ನು ನಾನು ಕಾಣೆ. ಓದಿದವರು ಸಿಕ್ಕರೆ ಮಾತ್ರ ಬಿಡುತ್ತಿರಲಿಲ್ಲ.

ನಾನು ಗಂಗಾವತಿಯವನು. ಅಕ್ಕೋರ ಕೈಕೆಳಗೆ ಕೆಲಸಕ್ಕೆ ಸೇರಿದ ಮೊದಲ ವಾರ ಅವರು ನನ್ನನ್ನು ಒಂದು ಹೊಸ ರೂಟರಿನ ಮುಂದೆ ಕೂರಿಸಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರೂಟರ್ ಎಂದರೆ ಹಲವು ಬಾಗಿಲುಗಳಿರುವ ಪೆಟ್ಟಿಗೆ. ಒಂದೊಂದು ಬಾಗಿಲಿಗೆ ಒಂದೊಂದು ವೈರು. ಒಂದು ಬಾಗಿಲು ಗಂಗಾವತಿಯ ಕಡೆ, ಒಂದು ಯಲಬುರ್ಗಾದ ಕಡೆ, ಒಂದು ನಮ್ಮದೇ ವಾರ್ಡುಗಳ ಕಡೆ. ಬಂದ ಸಂದೇಶವನ್ನು ಯಾವ ಬಾಗಿಲಿನಿಂದ ಹೊರಗೆ ಕಳಿಸಬೇಕೆಂದು ಅದು ತೀರ್ಮಾನಿಸುತ್ತದೆ. ಈ ಬಾಗಿಲುಗಳಿಗೆ ನಾವು ಇಂಟರ್‌ಫೇಸ್ ಅನ್ನುತ್ತೇವೆ. ಹಿಂದೆ ಪ್ರತಿ ಪೆಟ್ಟಿಗೆಯಲ್ಲೂ ದಾರಿಗಳನ್ನು ಕೈಯಿಂದ ಬರೆದಿಡುತ್ತಿದ್ದರು. ಕುಷ್ಟಗಿಗೆ ಹೋಗುವುದೆಲ್ಲ ಈ ಬಾಗಿಲಿನಿಂದ ಎಂದು ಒಮ್ಮೆ ಬರೆದರೆ ಮುಗಿಯಿತು. ನಡುದಾರಿಯಲ್ಲಿ ಲೈನು ಕಡಿದುಹೋಗಿದ್ದರೂ ಪೆಟ್ಟಿಗೆ ಇಡೀ ದಿನ ಅದೇ ಬಾಗಿಲಿಗೆ ಎಲ್ಲವನ್ನೂ ತಳ್ಳುತ್ತಾ ಕೂರುತ್ತಿತ್ತು.

“ಹೇಳಿಕೊಟ್ಟ ದಾರೀಲೆ ಹೋಗೂದು ಎತ್ತಿಗೂ ಗೊತ್ತೈತಿ ತಮ್ಮಾ” ಎಂದರು ಅಕ್ಕೋರು. “ಹಳ್ಳ ಬಂದಾಗ ಸುತ್ತು ಹಾಕಿ ಬರೂದು ಗೊತ್ತಿರಬೇಕು.”

ಅದಕ್ಕೇ ಡೈನಾಮಿಕ್ ರೂಟಿಂಗ್. ಇದರಲ್ಲಿ ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡುತ್ತವೆ. ಹತ್ತು ಸೆಕೆಂಡಿಗೊಮ್ಮೆ ‘ಅದೀನಿ’ ಎಂದು ಪಕ್ಕದ ಪೆಟ್ಟಿಗೆಗೆ ಕೂಗು ಹಾಕುತ್ತವೆ. ನಲವತ್ತು ಸೆಕೆಂಡು ಸದ್ದಿಲ್ಲ ಅಂದರೆ ಆ ದಾರಿ ಹೋಯಿತೆಂದು ತಿಳಿದು, ತಮ್ಮ ತಮ್ಮೊಳಗೇ ಇನ್ನೊಂದು ದಾರಿ ಲೆಕ್ಕ ಹಾಕುತ್ತವೆ. ನನಗೆ ಇದೆಲ್ಲ ಪುಸ್ತಕದಲ್ಲಿ ಗೊತ್ತಿತ್ತು. ಒಂದೇ ಒಂದು ಸಾಲು ಬರೆದು ಎಲ್ಲ ಇಂಟರ್‌ಫೇಸುಗಳ ಮೇಲೂ ಒಮ್ಮೆಗೇ ಈ ಮಾತುಕತೆ ಶುರುಮಾಡಿಸಿ, ಶಾಭಾಸ್ ಅನ್ನಿಸಿಕೊಳ್ಳಲು ಕತ್ತೆತ್ತಿದೆ.

ಅಕ್ಕೋರು ಪರದೆ ನೋಡಿದರು. “ಮನಿಗೆ ಎಷ್ಟು ಬಾಗಿಲಾ ಅದಾವ ಎಣಿಸಿದೇನು?”

“ಆರು ಅದಾವ್ರಿ.”

“ಆರೂ ತಗದಿಟ್ಟು ಬಂದೀಯಲ್ಲ, ಹಾದಿಗೆ ಹೋಗವ ಒಬ್ಬ ಒಳಗ ಬಂದು ನಾನೂ ಈ ಮನಿಯವನ ಅಂದ್ರ ಏನ್ ಮಾಡ್ತಿ? ಚಾ ಕೊಡ್ತೀಯೇನು?”

ಬರೆದದ್ದನ್ನೆಲ್ಲ ಅಳಿಸಿದರು. ಒಂದೊಂದು ಇಂಟರ್‌ಫೇಸನ್ನೂ ಬೇರೆ ಬೇರೆ ಬರೆಯಿಸಿದರು. ಊರಿಂದ ಊರಿಗೆ ಹೋಗುವ ಬಾಗಿಲುಗಳಲ್ಲಿ ಮಾತ್ರ ಮಾತು, ಅದೂ ಪಾಸ್‌ವರ್ಡ್ ಹೇಳಿದವರ ಜತೆ ಮಾತ್ರ. ವಾರ್ಡಿನ ಕಡೆಯ, ಸರ್ವರ್ ಕೋಣೆಯ ಕಡೆಯ ಬಾಗಿಲುಗಳು ತೆಪ್ಪಗಿರಬೇಕು. ಅಲ್ಲಿ ಯಾರು ಬಂದು ಕೂಗಿದರೂ ಓ ಅನ್ನಬಾರದು. ಪ್ರತಿ ಬಾಗಿಲಿಗೂ ಒಂದು ವಿವರಣೆ ಬರೆಯಲು ರೂಟರಿನಲ್ಲಿ ಜಾಗವಿರುತ್ತದೆ. ಎಲ್ಲರೂ ಅದನ್ನು ಖಾಲಿ ಬಿಡುತ್ತಾರೆ. ಅಕ್ಕೋರು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಬರೆಯುತ್ತಿದ್ದರು: ‘ಗಂಗಾವತಿ ಕಡೆ.’ ‘ಯಲಬುರ್ಗಾ ಕಡೆ, ಮುಟ್ಟಬ್ಯಾಡ್ರಿ.’ ‘ಸರ್ವರ್ ಖೋಲಿ, ಇಲ್ಲಿ ಬಾಯಿ ಮುಚ್ಚಿಕೊಂಡಿರಬೇಕು.’

ರೂಟರ್ ತನ್ನ ಜತೆ ಮಾತಾಡುತ್ತಿರುವ ಪೆಟ್ಟಿಗೆಗಳ ಪಟ್ಟಿ ತೋರಿಸುವ ಒಂದು ಆಜ್ಞೆ ಇದೆ. ಅಕ್ಕೋರ ಮಾತಿನಲ್ಲಿ ಅದು ಬಾಜೂಮನಿಯವರ ಪಟ್ಟಿ. ಬೆಳಿಗ್ಗೆ ಕುಕನೂರಿನ ಕೆಂಪು ಬಸ್ಸಿಳಿದು ಬಂದವರು ಚೀಲ ಕೆಳಗಿಡುವ ಮೊದಲೇ ಕೇಳುತ್ತಿದ್ದರು, “ಬಾಜೂಮನಿಯವರು ಎಷ್ಟು ಮಂದಿ?” ಕೊಪ್ಪಳದ ಪೆಟ್ಟಿಗೆಗೆ ಇಬ್ಬರೇ, ಗಂಗಾವತಿ ಮತ್ತು ಯಲಬುರ್ಗಾ. ನಾನು ಪರದೆ ನೋಡಿ “ಇಬ್ಬರ್ರಿ” ಅನ್ನುತ್ತಿದ್ದೆ. ವರ್ಷಗಟ್ಟಲೆ ಹೇಳಿ ಹೇಳಿ ಆ ಮಾತು ನನ್ನ ನಾಲಿಗೆಯಲ್ಲಿ ತಾನಾಗಿ ಹೊರಡುತ್ತಿತ್ತು.

ಆಗ ಕುಷ್ಟಗಿಯ ಕೇಂದ್ರಕ್ಕೆ ಒಂದೇ ಲೈನು, ಯಲಬುರ್ಗಾದ ಮೇಲಿಂದ. ಕುಷ್ಟಗಿಯಲ್ಲಿ ಸ್ಕ್ಯಾನ್ ಯಂತ್ರವಿದೆ, ಆದರೆ ಸ್ಕ್ಯಾನಿನ ಚಿತ್ರ ಓದಿ ಹೇಳುವ ಡಾಕ್ಟರು ಕೊಪ್ಪಳದಲ್ಲಿ. ಆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ವಾರಕ್ಕೊಮ್ಮೆಯಾದರೂ ಜೆಸಿಬಿ ನಮ್ಮ ಕೇಬಲ್ಲು ಕಡಿಯುತ್ತಿತ್ತು. ಒಂದು ದಿನ ಅಕ್ಕೋರೂ ನಾನೂ ಯಲಬುರ್ಗಾದಿಂದ ಕುಷ್ಟಗಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಕಿಟಕಿಯಿಂದ ನೋಡಿದರೆ ಜೆಸಿಬಿಯ ಬುಟ್ಟಿ ಸರಿಯಾಗಿ ನಮ್ಮ ಕೇಬಲ್ಲಿನ ಗುರುತಿನ ಕಲ್ಲಿನ ಪಕ್ಕಕ್ಕೇ ಇಳಿಯುತ್ತಿದೆ. “ಏ, ನಿಲ್ಲಸ್ರಿ!” ಎಂದು ಕೂಗಿ ಬಸ್ಸು ನಿಲ್ಲಿಸಿ ಇಳಿದವರು, ನಾನು ನೋಡುನೋಡುತ್ತಲೇ ಹೋಗಿ ಆ ಬುಟ್ಟಿಯ ಕೆಳಗೆ ನಿಂತುಬಿಟ್ಟರು.

“ನಿಮ್ಮವ್ವನ ಮನಿ ನೀರಿನ ಪೈಪ ಆಗಿದ್ರ ಹಿಂಗ ಕಡಿತಿದ್ಯೇನು? ಇದರಾಗ ಮಂದಿ ಜೀವ ಹೊಂಟಿರ್ತಾವ, ಕಲ್ಲು ಕಾಣೂದಿಲ್ಲ?”

ಜೆಸಿಬಿ ಡ್ರೈವರ್ ಯಾವುದೋ ದೂರದ ರಾಜ್ಯದವನು, ಕನ್ನಡ ಒಂದಕ್ಷರ ಬರುವುದಿಲ್ಲ. ಆದರೂ ಅರ್ಥವಾಯಿತು. ಇಂಜಿನ್ ಆರಿಸಿ ಇಳಿದು ಬಂದು ಕೈ ಮುಗಿದ. ಗುತ್ತಿಗೆದಾರ ಬರುವ ತನಕ ಅಕ್ಕೋರು ಬಿಸಿಲಲ್ಲಿ ಅಲ್ಲೇ ನಿಂತರು, ಆತನಿಗೆ ಡ್ರೈವರಿಗಿಂತ ಹತ್ತು ಪಟ್ಟು ಬೈದರು. ಆಮೇಲೆ ಬೇವಿನ ಮರದ ಕೆಳಗೆ ಕೂತು ಡಬ್ಬಿ ತೆರೆದು ಆ ಡ್ರೈವರಿಗೆ ಎರಡು ರೊಟ್ಟಿ ಕೊಟ್ಟರು. “ಇವಗೇನ ಗೊತ್ತು, ಅಗಿ ಅಂದಲ್ಲಿ ಅಗೀತಾನ” ಎಂದರು ನನ್ನ ಕಡೆ ತಿರುಗಿ.

ಗಂಗಾವತಿಯಿಂದ ಕುಷ್ಟಗಿಗೆ ಇನ್ನೊಂದು ಲೈನು ಹಾಕಿಸಿದರೆ ನಾಲ್ಕೂ ಊರು ಒಂದು ಸುತ್ತಿನಲ್ಲಿ ಸೇರುತ್ತವೆ, ಎಲ್ಲಿ ಕಡಿದರೂ ಇನ್ನೊಂದು ಕಡೆಯಿಂದ ಬರಬಹುದು ಎಂದು ಅಕ್ಕೋರು ಒಂದು ವರ್ಷ ಪತ್ರ ಬರೆದರು. ಸಾಹೇಬರು ಪ್ರತಿ ಪತ್ರದ ಮೇಲೂ ‘ಚರ್ಚಿಸಿ’ ಎಂದು ಬರೆದು ವಾಪಸ್ ಕಳಿಸುತ್ತಿದ್ದರು. ಯಾರ ಜತೆ ಚರ್ಚಿಸಬೇಕು ಅಂತ ಕೇಳಿದರೆ ಅಕ್ಕೋರ ಮುಖ ನೋಡುತ್ತಿದ್ದರು. ಕೊನೆಗೆ ಚಿತ್ರ ಓದುವ ಡಾಕ್ಟರು ತಾವೇ ಅಧ್ಯಕ್ಷರ ಮನೆಗೆ ಹೋಗಿ ಹೇಳಿದ ಮೇಲೆ ಲೈನು ಬಂತು. ಐದು ಭಾನುವಾರ ಬಸ್ಸಿನಲ್ಲಿ ಊರೂರು ತಿರುಗಿ ನಾಲ್ಕೂ ರೂಟರುಗಳ ಒಂದೊಂದು ಇಂಟರ್‌ಫೇಸನ್ನೂ ಅಕ್ಕೋರು ತಮ್ಮ ಕೈಯಿಂದ ಬರೆದರು. ಆರನೆಯ ವಾರ, ನಡುಮಧ್ಯಾಹ್ನ, ಡಾಕ್ಟರನ್ನೂ ಸಾಹೇಬರನ್ನೂ ಪರದೆಯ ಮುಂದೆ ಕೂರಿಸಿ, ಕುಷ್ಟಗಿಯಿಂದ ಚಿತ್ರ ಬರುತ್ತಿರುವಾಗಲೇ ಯಲಬುರ್ಗಾದ ಕಡೆಯ ವೈರನ್ನು ಎಳೆದು ಕಿತ್ತು ಕೈಯಲ್ಲಿ ಹಿಡಿದುಕೊಂಡರು.

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ಏನ್ ಮಾಡಿದ್ರಿ! ಹೇಳದ ಕೇಳದ!”

“ಜೆಸಿಬಿ ಹೇಳಿ ಕೇಳಿ ಕಡಿತೈತೇನ್ರಿ?” ಎಂದರು ಅಕ್ಕೋರು.

ಚಿತ್ರ ಅರ್ಧಕ್ಕೆ ನಿಂತಿತು. ಮುಕ್ಕಾಲು ನಿಮಿಷದ ಒಳಗೆ ಅದು ಗಂಗಾವತಿಯ ಸುತ್ತು ಹಾಕಿಕೊಂಡು ಬಂದು ಪರದೆಯ ಮೇಲೆ ಪೂರ್ತಿ ತುಂಬಿತು. ಡಾಕ್ಟರು ಮೇಜು ಕುಟ್ಟಿ ನಕ್ಕರು. ಅಕ್ಕೋರ ಮುಖದಲ್ಲಿ ಸಿಟ್ಟಿಲ್ಲದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. ಬುಧವಾರ ಅಧ್ಯಕ್ಷರು ಹೊಗಳಿದ ದೂರದೃಷ್ಟಿ ಇದೇ.

ಇನ್ನು ನಾನು ಹೇಳಲೇಬೇಕಾದದ್ದಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ಸಾಹೇಬರು ನಾಲ್ಕೂ ಕೇಂದ್ರಗಳಿಗೆ ಕ್ಯಾಮೆರಾ ಹಾಕಿಸಲು ಹೊರಗಿನ ಒಂದು ಕಂಪನಿಯವರನ್ನು ಕರೆತಂದರು. ಅವರ ಮನುಷ್ಯ ತಮ್ಮದೇ ಒಂದು ರೂಟರ್ ತಂದು ನಮ್ಮ ಸರ್ವರ್ ಕೋಣೆಯಲ್ಲಿಟ್ಟ. ನಿಮ್ಮ ಪೆಟ್ಟಿಗೆ ನಮ್ಮದರ ಜತೆ ಮಾತಾಡುತ್ತಿಲ್ಲ ಎಂದ. ಮಾತಾಡಬಾರದೆಂದೇ ಅಕ್ಕೋರು ಆ ಬಾಗಿಲು ಮುಚ್ಚಿಟ್ಟದ್ದು. ಸಾಹೇಬರು ಅಕ್ಕೋರನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

“ಆ ಬಾಗಿಲಾ ತಗದು ಪಾಸ್‌ವರ್ಡ್ ಕಿತ್ತು ಹಾಕ್ರಿ. ಅವರ ಕೆಲಸ ನಿಂತೈತಿ.”

“ಅವರ ಪೆಟಗಿ ಒಳಗ ಏನೈತಿ ನಾ ನೋಡಬೇಕ್ರಿ ಮೊದಲು. ಎಲ್ಲೆಲ್ಲಿ ದುಡದು ಬಂದೈತೋ.”

“ಅದೆಲ್ಲ ಅವರಿಗೆ ಗೊತ್ತಿರತೈತಿ. ನೀವು ತಗೀರಿ.”

“ಬರದು ಕೊಡ್ರಿ, ತಗೀತೀನಿ.”

ಸಾಹೇಬರು ಬರೆದು ಕೊಡಲಿಲ್ಲ. ಮರುದಿನ ಅಕ್ಕೋರು ಯಲಬುರ್ಗಾದ ಬ್ಯಾಟರಿ ಬದಲಿಸಲು ಹೋಗುವವರಿದ್ದರು. ಅವರು ಬಸ್ಸು ಹಿಡಿಯುವ ಹೊತ್ತಿಗೆ ಸರಿಯಾಗಿ ಸಾಹೇಬರು ನನಗೆ ಫೋನು ಮಾಡಿದರು. “ನಿನ್ನ ಕಾಯಂ ಮಾಡೂ ಫೈಲು ನನ್ನ ಟೇಬಲ್ ಮ್ಯಾಲೈತಿ. ಅಕ್ಕೋರ ಹಂಗ ನೀನೂ ಹಟ ಮಾಡ್ತೀಯೇನು?” ಅಷ್ಟೇ ಹೇಳಿದ್ದು. ನನಗೆ ಆಗ ಮೂವತ್ತೊಂದು ವರ್ಷ, ಹೆಂಡತಿ ಬಸುರಿ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನೆಪವಾಗಿ ಹೇಳಿಕೊಳ್ಳುತ್ತಲೇ ಎರಡು ವರ್ಷ ಕಳೆದೆ, ಸಾಕು. ಸರ್ವರ್ ಕೋಣೆಯ ಇಂಟರ್‌ಫೇಸಿನ ಬಾಯಿ ಬಿಡಿಸಿದೆ. ಪಾಸ್‌ವರ್ಡ್ ತೆಗೆದೆ. ಎರಡು ಸಾಲು, ಅರ್ಧ ನಿಮಿಷದ ಕೆಲಸ.

ಹನ್ನೊಂದರ ಸುಮಾರಿಗೆ ಕಂಪನಿಯವನು ವೈರು ಚುಚ್ಚಿ ಚಾ ಕುಡಿಯಲು ಹೋದ. ಅವನ ಪೆಟ್ಟಿಗೆ ಬೇರೆ ಎಲ್ಲೋ ಕೆಲಸ ಮಾಡಿ ಬಂದದ್ದು. ಅದರೊಳಗಿನ ಹಳೆಯ ವಿಳಾಸಗಳನ್ನು ಯಾರೂ ಅಳಿಸಿರಲಿಲ್ಲ. ಅದರಲ್ಲೊಂದು ನಮ್ಮ ಸ್ಕ್ಯಾನ್ ಚಿತ್ರಗಳು ಬಂದು ಸೇರುವ ಸರ್ವರಿನ ವಿಳಾಸಕ್ಕೆ ತಾಳೆಯಾಗುತ್ತಿತ್ತು. ಆ ವಿಳಾಸ ನನ್ನ ಹತ್ತಿರ ಇದೆ ಎಂದು ಅದು ಕೂಗಿತು. ನಮ್ಮ ನಾಲ್ಕೂ ರೂಟರುಗಳು ನಂಬಿದವು. ಉಳಿದ ಮೂರೂ ಊರಿನಿಂದ ಬರುವ ಚಿತ್ರಗಳೆಲ್ಲ ಆ ಪೆಟ್ಟಿಗೆಗೆ ಹೋಗಿ ಅಲ್ಲೇ ಇಲ್ಲವಾಗತೊಡಗಿದವು. ಕೊಪ್ಪಳದ ಒಳಗಿನ ಕೆಲಸ ಮಾತ್ರ ಎಂದಿನಂತೆಯೇ ನಡೆದಿತ್ತು, ದೀಪಗಳೆಲ್ಲ ಹಸಿರು. ಯಾರಿಗೂ ಸುಳಿವು ಸಿಗಲಿಲ್ಲ.

ಅದೇ ಹೊತ್ತಿಗೆ ಕುಷ್ಟಗಿಗೆ ಟಂಟಂ ಆಟೋದಲ್ಲಿ ಒಬ್ಬ ಹೆಣ್ಣುಮಗಳನ್ನು ಕರೆತಂದರು. ಹತ್ತಿರದ ಹಳ್ಳಿಯ ಸಾಲಿಯಲ್ಲಿ ಬಿಸಿಯೂಟ ಮಾಡುವಾಕೆ. ಬೆಳಿಗ್ಗೆ ಒಲೆ ಹಚ್ಚುವಾಗ ಬಲಗೈಯಿಂದ ಸೌಟು ಜಾರಿತ್ತು, ಬಾಯಿ ಸೊಟ್ಟಗಾಗಿತ್ತು. ಲಕ್ವಾ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಸೂಜಿಮದ್ದು ಇದೆ, ಆದರೆ ಕೆಲವೇ ಗಂಟೆಗಳ ಒಳಗೆ ಕೊಡಬೇಕು. ರಕ್ತ ಸೋರಿದ್ದರೆ ಅದೇ ಸೂಜಿ ಜೀವ ತೆಗೆಯುತ್ತದೆ. ಎರಡರಲ್ಲಿ ಯಾವುದು ಎಂದು ಸ್ಕ್ಯಾನ್ ನೋಡಿಯೇ ಹೇಳಬೇಕು. ಸ್ಕ್ಯಾನ್ ಆಯಿತು. ಚಿತ್ರ ಬರಲಿಲ್ಲ. ಕುಷ್ಟಗಿಯವರು ಪರದೆಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದರು. ಕೊಪ್ಪಳದ ಡಾಕ್ಟರು ಹಿಗ್ಗಿಸಿ ನೋಡಿ, “ಈ ಮಸುಕಿನ ಮ್ಯಾಲ ಸೂಜಿ ಕೊಡ್ರಿ ಅಂತ ನಾ ಹ್ಯಾಂಗ ಹೇಳ್ಲಿ? ಚಿತ್ರ ತರಸ್ರಿ” ಎಂದು ನನ್ನ ಮೇಲೆ ಕೂಗಾಡಿದರು.

ನಾನು ಅಕ್ಕೋರಿಗೆ ಫೋನು ಮಾಡಿದೆ. ಅವರ ಬಸ್ಸು ಕುಕನೂರು ದಾಟಿತ್ತು. ಕಂಡಕ್ಟರಿನ ಸೀಟಿ, ಇಂಜಿನ್ನಿನ ಗದ್ದಲ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಬಾಜೂಮನಿಯವರು ಎಷ್ಟು ಮಂದಿ?”

ಪರದೆ ನನ್ನ ಕಣ್ಣ ಮುಂದೆಯೇ ಇತ್ತು. ಮೂರು ಸಾಲು. ಮೂರನೆಯದು ನಾನೇ ಒಳಗೆ ಬಿಟ್ಟುಕೊಂಡದ್ದು.

“ಇಬ್ಬರ್ರಿ” ಎಂದೆ.

ಯಾಕೆ ಹಾಗೆ ಅಂದೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಕಂಪನಿಯವನನ್ನು ಹಿಡಿದು ತಂದು, ಅವನ ಕೈಯಿಂದಲೇ ವೈರು ಕೀಳಿಸಿ, ಯಾರಿಗೂ ಗೊತ್ತಾಗದಂತೆ ಸರಿಮಾಡಿಬಿಡಬಹುದು ಎಂದುಕೊಂಡೆ. ಅವನ ಫೋನು ರಿಂಗಾಯಿತು, ಎತ್ತಲಿಲ್ಲ. ನಾನೇ ಕಿತ್ತರೆ ಸಾಹೇಬರು ಏನನ್ನುತ್ತಾರೋ ಎಂದು ಅವರ ಕೋಣೆಗೆ ಓಡಿದೆ. ಅವರು ಮೀಟಿಂಗಿನಲ್ಲಿದ್ದರು, ಬಾಗಿಲ ಹೊರಗೆ ಕಾದೆ. ಅತ್ತ ನನ್ನ ‘ಇಬ್ಬರು’ ನಂಬಿದ ಅಕ್ಕೋರು ತಪ್ಪು ಕುಷ್ಟಗಿಯ ಕಡೆಯೇ ಇರಬೇಕೆಂದು ಅಲ್ಲಿಯವರಿಗೆ ಫೋನಿನಲ್ಲಿ ಒಂದೊಂದೇ ವೈರು ನೋಡಿಸುತ್ತಾ, ಯಂತ್ರ ಆರಿಸಿ ಹಚ್ಚಿಸುತ್ತಾ ಬಸ್ಸಿನಲ್ಲಿ ಹೋಗುತ್ತಿದ್ದರು. ಯಲಬುರ್ಗಾ ಮುಟ್ಟಿ, ಲ್ಯಾಪ್‌ಟಾಪ್ ತೆರೆದು, ತಾವೇ ಕೊಪ್ಪಳದ ಪೆಟ್ಟಿಗೆಯ ಒಳಗೆ ಬಂದು ನೋಡುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು.

ಫೋನು ಬಂತು. ಅವರ ದನಿ ತಣ್ಣಗಿತ್ತು. ಅಷ್ಟು ತಣ್ಣಗಿನ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

“ಮೂರನೇದವ ಯಾರು?”

ಫೋನು ಕಿವಿಗೆ ಹಿಡಿದೇ ಸರ್ವರ್ ಕೋಣೆಗೆ ಓಡಿದೆ.

“ಪಾಸ್‌ವರ್ಡ್ ಯಾರು ತಗದ್ರು?”

“ನಾನ್ರಿ. ಸಾಹೇಬ್ರು…”

“ವೈರ್ ಕೀಳು. ಈಗ.”

ಕಿತ್ತೆ. ಒಂದು ನಿಮಿಷದ ಒಳಗೆ ಚಿತ್ರ ಬಂತು. ಡಾಕ್ಟರು ನೋಡಿದರು, ರಕ್ತ ಸೋರಿರಲಿಲ್ಲ, ಹೆಪ್ಪುಗಟ್ಟಿತ್ತು. ಸೂಜಿ ಕೊಡಬಹುದಾಗಿತ್ತು. ಹೊತ್ತು ಮೀರಿತ್ತು. ಆಕೆ ಬದುಕಿದರು. ಬಲಗೈ, ಬಲಗಾಲು, ಮಾತು ಹೋದವು. ಮುಂಚೆ ಕೊಟ್ಟಿದ್ದರೂ ಪೂರ್ತಿ ಗುಣವಾಗುತ್ತಿತ್ತೆಂದು ಹೇಳಲಾಗದು ಎಂದು ಡಾಕ್ಟರು ಆಮೇಲೆ ಹೇಳಿದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ವಿಚಾರಣೆ ನಡೆಯಿತು. ಮೂವರು ಟ್ರಸ್ಟಿಗಳು, ಸಾಹೇಬರು, ಈ ಕಡೆ ಅಕ್ಕೋರು ಮತ್ತು ನಾನು. ರೂಟರಿನ ದಾಖಲೆಯಲ್ಲಿ ಪಾಸ್‌ವರ್ಡ್ ತೆಗೆದ ಹೊತ್ತು ಇತ್ತು, ತೆಗೆದವರ ಹೆಸರಿರಲಿಲ್ಲ. ಎಲ್ಲರೂ ಒಂದೇ ಲಾಗಿನ್ ಬಳಸುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಕೊಡಿ ಎಂದು ಅಕ್ಕೋರು ಬರೆದ ಪತ್ರದ ಮೇಲೂ ‘ಚರ್ಚಿಸಿ’ ಎಂದೇ ಇತ್ತು.

“ನನಗ ತಗೀರಿ ಅಂದ್ರು. ಬರದು ಕೊಡ್ರಿ ಅಂದೆ. ಬರದು ಕೊಡಲಿಲ್ಲ. ನಾ ತಗದಿಲ್ಲ” ಎಂದರು ಅಕ್ಕೋರು.

“ನಾನು ಹಂಗ ಹೇಳೇ ಇಲ್ಲ” ಎಂದರು ಸಾಹೇಬರು. ಕಣ್ಣು ಸಹ ಮಿಟುಕಿಸಲಿಲ್ಲ. “ಮೂಲ ತಪ್ಪು ಇವರ ಪದ್ಧತೀದು. ಪೆಟಗಿ ತಮ್ಮಷ್ಟಕ್ಕ ತಾವು ದಾರಿ ಹುಡುಕತಾವ ಅಂದ್ರ ಅವಕ್ಕ ಹೇಳವರು ಕೇಳವರು ಯಾರು?”

ಒಬ್ಬ ಟ್ರಸ್ಟಿ ನನ್ನ ಕಡೆ ತಿರುಗಿದರು. “ನೀನು ಹೇಳಪ್ಪಾ. ಯಾರು ತಗದ್ರು?”

ಅಕ್ಕೋರು ನನ್ನತ್ತ ನೋಡಲಿಲ್ಲ. ಮೇಜಿನ ಅಂಚನ್ನು ನೋಡುತ್ತಿದ್ದರು.

“ಗೊತ್ತಿಲ್ರಿ” ಎಂದೆ.

ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಅವರ ಹಿಂದೆ ಓಡಿದೆ. “ಅಕ್ಕೋರ, ನೀವು ನನ್ನ ಹೆಸರು ಹೇಳಲಿಲ್ಲ. ನಿಮ್ಮ ಉಪಕಾರ…”

ತಿರುಗಿ ನಿಂತರು. “ನಿನ್ನ ಉಳಿಸೀನಿ ಅಂತ ತಿಳಕೊಂಡೇನು? ನೀನ ಹೇಳ್ತಿ ಅಂತ ಕಾದೆ ನಾನು. ಆ ಕುರ್ಚ್ಯಾಗ ಕುಂತು ಕಾದೆ.” ಚಶ್ಮಾ ಜಾರಿತ್ತು, ಮೇಲೆ ತಳ್ಳಿಕೊಳ್ಳಲಿಲ್ಲ. “ಹೋಗು.”

ಅವರ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಸಾಹೇಬರ ಆಜ್ಞೆಯ ಪ್ರಕಾರ ನಾನು ಅವರ ರೂಟಿಂಗ್ ಎಲ್ಲ ಅಳಿಸಿ, ಹಿಂದಿನಂತೆ ದಾರಿಗಳನ್ನು ಕೈಯಿಂದ ಬರೆದೆ. ಒಂದು ವಾರದಲ್ಲಿ ಜೆಸಿಬಿ ಮತ್ತೆ ಕಡಿಯಿತು, ಕುಷ್ಟಗಿ ಇಡೀ ದಿನ ಸತ್ತಂತೆ ಬಿದ್ದಿತ್ತು. ಡಾಕ್ಟರು ರಾಜೀನಾಮೆ ಕೊಡುತ್ತೇನೆಂದರು. ಆಗ ಸಾಹೇಬರು, “ಅದೇನ ಮೊದಲಿದ್ದದ್ದ ಹಾಕಿಬಿಡು, ಯಾರಿಗೂ ಹೇಳಬ್ಯಾಡ” ಎಂದರು. ಅಕ್ಕೋರು ಇಟ್ಟುಹೋದ ಪ್ರತಿ ಇತ್ತು. ಒಂದಕ್ಷರ ಬದಲಿಸದೆ ಹಾಕಿದೆ. ಇವತ್ತಿಗೂ ನಾಲ್ಕೂ ಊರಿನ ಪೆಟ್ಟಿಗೆಗಳಲ್ಲಿ ಓಡುತ್ತಿರುವುದು ಅವರ ಕೈಬರಹವೇ. ಮೇಲೆ ಪೇಟ ಸುತ್ತಿಸಿಕೊಂಡವರು ಬೇರೆ. ನಾನು ಕಾಯಂ ಆದೆ.

ಬುಧವಾರ ಚಪ್ಪಾಳೆ ತಟ್ಟಿ ಬಂದು, ಗುರುವಾರ ಬೆಳಿಗ್ಗೆ ಪತ್ರ ಬರೆದೆ. ಪಾಸ್‌ವರ್ಡ್ ತೆಗೆದದ್ದು ನಾನು, ತೆಗೆ ಎಂದದ್ದು ಸಾಹೇಬರು, ಫೋನಿನಲ್ಲಿ ಇಬ್ಬರೇ ಎಂದು ಸುಳ್ಳು ಹೇಳಿದ್ದು ನಾನು, ವಿಚಾರಣೆಯಲ್ಲಿ ಗೊತ್ತಿಲ್ಲ ಎಂದದ್ದೂ ನಾನು. ಹೆಸರು, ಸಹಿ ಹಾಕಿ ಅಧ್ಯಕ್ಷರ ಕಚೇರಿಯಲ್ಲಿ ಕೊಟ್ಟು ಪ್ರತಿಯ ಮೇಲೆ ಠಸ್ಸೆ ಒತ್ತಿಸಿಕೊಂಡೆ. ಸಂಜೆಗೆ ಫೋನು ಬಂತು, ಮುಂದೆ ತಿಳಿಸುವ ತನಕ ಕೆಲಸಕ್ಕೆ ಬರಬೇಡ ಎಂದು. ಆಮೇಲೆ, ಎರಡು ವರ್ಷದ ನಂತರ ಮೊದಲ ಸಲ, ಅಕ್ಕೋರಿಗೆ ಫೋನು ಮಾಡಿದೆ. ಅವರು ಈಗ ಕುಕನೂರಿನಲ್ಲಿ ತಮ್ಮನ ಮನೆಯಲ್ಲೇ ಇದ್ದು, ಯಲಬುರ್ಗಾದಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ರಿಪೇರಿ ಕಲಿಸುತ್ತಾರೆ.

ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

“ಪತ್ರ ಯಾರಿಗೆ ಕೊಟ್ಟಿ?”

“ಅಧ್ಯಕ್ಷರಿಗ್ರಿ.”

“ಅಧ್ಯಕ್ಷರ ಕೈ ಬಿದ್ದಿತ್ತೇನು? ಅಧ್ಯಕ್ಷರ ಮಾತು ಹೋಗಿತ್ತೇನು?” ದನಿಯಲ್ಲಿ ಹಳೆಯ ಸಿಟ್ಟು ಇತ್ತು. “ಯಾರದು ಹೋಗೈತಿ ಅಕಿ ಮನಿಗೆ ಹೋಗು. ಆಮ್ಯಾಲ ನನಗ ಫೋನ್ ಮಾಡು.” ಊರಿನ ಹೆಸರು, ಓಣಿ, ಮನೆಯ ಗುರುತು ಹೇಳಿ ಫೋನು ಇಟ್ಟರು.

ನಿನ್ನೆ ಹೋದೆ. ಸಾಲಿಯ ಹಿಂದಿನ ಓಣಿ, ಎರಡು ಖೋಲಿಯ ಮನೆ. ಮಗಳು ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ತಾಯಿ ಬಿದ್ದ ಮೇಲೆ ಸಾಲಿಯ ಅಡುಗೆಯನ್ನು ಈಗ ಈಕೆಯೇ ಮಾಡುತ್ತಾಳೆ. ಆಸ್ಪತ್ರೆಯಿಂದ ಬಂದೆ ಎಂದೆ.

“ಅಕ್ಕೋರು ಕಳಿಸಿದ್ರೇನ್ರಿ?” ಎಂದಳು.

ನಾನು ಬೆಚ್ಚಿದೆ. ಅಕ್ಕೋರು ತಿಂಗಳಿಗೆ ಎರಡು ಸಲ ಬರುತ್ತಾರಂತೆ, ಎರಡು ವರ್ಷದಿಂದಲೂ. ಬಂದು ತಾಯಿಯ ಎದುರು ಕೂತು ಮಾತು ಕಲಿಸುತ್ತಾರಂತೆ. “ಭಾಳ ಬೈತಾರ್ರಿ ಅವ್ವಗ. ‘ಬಾಯಿ ತಗಿ, ಸುಮ್ಮ ಕುಂತ್ರ ಮಾತು ತಾನ ಬರತೈತೇನು’ ಅಂತಾರ. ಬೈಸ್ಕೊಂಡು ಅವ್ವ ನಗತಾಳ. ಈಗ ನಾಕು ಮಾತು ಬರತಾವ್ರಿ.”

ನಾನು ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವಳ ಕೈ ಮೊರದಲ್ಲೇ ನಿಂತಿತು. ಆಮೇಲೆ ಎದ್ದು ಬಾಗಿಲಿನ ಪಕ್ಕಕ್ಕೆ ಸರಿದಳು.

“ನನಗ್ಯಾಕ ಹೇಳ್ತೀರಿ? ಅವ್ವಗ ಮಾತ ಬರೂದಿಲ್ಲ, ಕಿವಿ ಛಲೋ ಕೇಳಸತಾವ. ಒಳಗ ಹೋಗ್ರಿ. ಅಕಿ ಮುಂದ ಕುಂತು ಹೇಳ್ರಿ.”

ಒಳಗೆ ಹೋದೆ. ಆಕೆ ಗೋಡೆಗೆ ಒರಗಿ ಕೂತಿದ್ದರು, ಬಲಗೈ ಮಡಿಲಲ್ಲಿ. ನೆಲದ ಮೇಲೆ ಕೂತೆ. ಮೊದಲಿಂದ ಕೊನೆಯವರೆಗೆ ಹೇಳಿದೆ, ಇಬ್ಬರು ಎಂದು ಹೇಳಿದ್ದನ್ನೂ ಬಿಡಲಿಲ್ಲ. ಆಕೆ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಮುಗಿದ ಮೇಲೆ ನಾನು ತಂದಿದ್ದ ಹಣ್ಣಿನ ಚೀಲವನ್ನು ಮುಂದಕ್ಕೆ ಸರಿಸಿದೆ.

ಆಕೆಯ ತುಟಿ ಎಡಕ್ಕೆ ಎಳೆಯಿತು. ಒಳಗಿಂದ ದನಿಯನ್ನು ಎತ್ತಿ ತರುವಂತೆ ಬಹಳ ಕಷ್ಟಪಟ್ಟರು. ಅಕ್ಕೋರು ಬೈದು ಬೈದು ಕಲಿಸಿದ ನಾಲ್ಕು ಮಾತಿನಲ್ಲಿ ಒಂದು ಹೊರಗೆ ಬಂತು.

“ಬ್ಯಾಡ.”

ಎಡಗೈಯಿಂದ ಚೀಲವನ್ನು ನನ್ನ ಕಡೆಗೆ ತಳ್ಳಿದರು.